ಮುಂದಿನ ಹಲ್ಲಿಗೊಂದು ಮ್ಯಾಚಿಂಗ್

ಬಿಳಿ ಎಂದರೆ ಒಂದೇ ಬಣ್ಣ ಎಂದು ತಿಳಿದುಕೊಂಡವರು ಪುಣ್ಯವಂತರು. ಅವರು ನೆಮ್ಮದಿಯಾಗಿ ಪಂಚೆ ಕೊಳ್ಳುತ್ತಾರೆ, ಗೋಡೆಗೆ ಸುಣ್ಣ ಹೊಡೆಸುತ್ತಾರೆ, ಕನ್ನಡಿ ನೋಡಿಕೊಂಡು ಹಲ್ಲುಜ್ಜುತ್ತಾರೆ. ನನಗೆ ಆ ಭಾಗ್ಯವಿಲ್ಲ. ಶಿವಮೊಗ್ಗದ ಗಾಂಧಿ ಬಜಾರಿನ ಅಡ್ಡರಸ್ತೆಯೊಂದರಲ್ಲಿ ನನ್ನದೊಂದು ಮ್ಯಾಚಿಂಗ್ ಸೆಂಟರ್ ಇದೆ. ಸೀರೆ ಮಾರುವವನಲ್ಲ ನಾನು. ಬೇರೆ ಕಡೆ ಕೊಂಡ ಸೀರೆಗೆ ಒಪ್ಪುವ ಬ್ಲೌಸ್ ಪೀಸು, ಫಾಲು, ಲಂಗದ ಬಟ್ಟೆ, ದಾರ ಇಷ್ಟನ್ನು ಹುಡುಕಿ ಕೊಡುವವನು. ಬಿಳಿಯೊಂದರಲ್ಲೇ ಹಾಲುಬಿಳಿ, ಕೆನೆಬಿಳಿ, ಮಲ್ಲಿಗೆಬಿಳಿ, ಸ್ವಲ್ಪ ನೀಲಿ ಹಾಕಿದ ಬಿಳಿ ಎಂದು ಒಂದು ಕಪಾಟು ತುಂಬಿದೆ. ಅಂಗಡಿಗೆ ಒಂದು ಕಟ್ಟುನಿಟ್ಟಿನ ನಿಯಮವೂ ಇದೆ. ಮಳೆಯಲ್ಲಿ ನೆಂದ ಸೀರೆ ತಂದರೆ ನಾನು ಬಟ್ಟೆ ಕೊಡುವುದಿಲ್ಲ. ನೆಂದದ್ದು ಒಂದು ಬಣ್ಣ, ಒಣಗಿದ್ದು ಇನ್ನೊಂದು ಬಣ್ಣ. ಒಣಗಿಸಿಕೊಂಡು ಬನ್ನಿ ಎಂದು ಕಳಿಸಿಬಿಡುತ್ತೇನೆ. ಈ ಮಾತನ್ನು ನೀವು ನೆನಪಿಟ್ಟುಕೊಂಡಿರಿ. ನಾನೇ ಮರೆತದ್ದರಿಂದ ಇಷ್ಟೆಲ್ಲ ಆಯಿತು.

ನನ್ನ ಇನ್ನೊಂದು ಹೆಮ್ಮೆಯನ್ನೂ ಹೇಳಿಬಿಡುತ್ತೇನೆ. ಮ್ಯಾಚಿಂಗ್ ಅಂಗಡಿಗೆ ಬಂದ ಹೆಂಗಸರು ಬಟ್ಟೆಯನ್ನು ಟ್ಯೂಬ್‌ಲೈಟಿನ ಕೆಳಗೆ ನೋಡಿ ನಂಬುವವರಲ್ಲ. ಸೀರೆಯನ್ನೂ ಪೀಸನ್ನೂ ಎತ್ತಿಕೊಂಡು ರಸ್ತೆಗಿಳಿದು, ಬಿಸಿಲಿನಲ್ಲಿ ಹಿಡಿದು ನೋಡಿ ಬಂದ ಮೇಲೆಯೇ ಕತ್ತರಿ ಹಾಕಲು ಒಪ್ಪಿಗೆ. ನನ್ನ ಅಂಗಡಿಯಲ್ಲಿ ಹೊಸಬರು ಹೀಗೆ ಮಾಡುತ್ತಾರೆ, ಹಳಬರು ಮಾಡುವುದಿಲ್ಲ. "ಮಂಜಣ್ಣ ಕೊಟ್ಟ ಮೇಲೆ ಮುಗೀತು" ಎಂದು ಚೀಲಕ್ಕೆ ಹಾಕಿಕೊಂಡು ಹೋಗುತ್ತಾರೆ. ಬೇರೆಯವರು ಗೋಡೆಗೆ ಪ್ರಶಸ್ತಿಪತ್ರ ತೂಗುಹಾಕುತ್ತಾರಲ್ಲ, ನನಗೆ ಇದೇ ಪ್ರಶಸ್ತಿ.

ಇಂಥ ನಾನು ಒಂದು ದಿನ ಗಿರಾಕಿಗಳ ಗಲಾಟೆಯಲ್ಲಿ ಕತ್ತರಿ ಸಿಗದೆ, ಫಾಲಿನ ಅಂಚನ್ನು ಮುಂದಿನ ಹಲ್ಲಿನಲ್ಲಿ ಕಚ್ಚಿ ಹರಿದೆ. ವರ್ಷಗಟ್ಟಲೆ ಮಾಡಿದ ಕೆಲಸವೇ. ಅವತ್ತು ಬಟ್ಟೆ ಹರಿಯಲಿಲ್ಲ, ಹಲ್ಲು ಹರಿಯಿತು. ಅರ್ಧ ಹಲ್ಲು ಕೌಂಟರಿನ ಮೇಲೆ ಬಿತ್ತು. ಗಿರಾಕಿ ಅದನ್ನು ಗುಂಡಿ ಎಂದುಕೊಂಡು ಎತ್ತಿ ನನ್ನ ಕೈಗೇ ಕೊಟ್ಟರು. ಕತ್ತರಿ ನನ್ನ ಹೆಗಲ ಮೇಲಿನ ಟೇಪಿನ ಜೊತೆಯಲ್ಲೇ ನೇತಾಡುತ್ತಿತ್ತು.

ದುರ್ಗಿಗುಡಿಯ ದಂತವೈದ್ಯೆ ಚಿಕ್ಕ ವಯಸ್ಸಿನವರು, ಮಾತು ಮೃದು, ಕೈ ಇನ್ನೂ ಮೃದು. ರೂಟ್ ಕೆನಾಲ್ ಮುಗಿಸಿ, ಉಳಿದ ಮೋಟು ಹಲ್ಲಿನ ಮೇಲೆ ಕ್ಯಾಪ್ ಕೂರಿಸಬೇಕು ಎಂದರು. ಅಳತೆ ಕೊಡುವ ದಿನ ಭದ್ರಾವತಿಯ ನಮ್ಮ ಭಾವನೂ ಜೊತೆಗಿದ್ದರು. ಭಾವ ಎಂದರೆ ಅಕ್ಕನ ಗಂಡ, ರುದ್ರಪ್ಪ ಎಂದು. ಕಾಗದನಗರದಲ್ಲಿ ವಾಸ. ಕಾಗದದ ಕಾರ್ಖಾನೆಯಲ್ಲಿ ಹಾಳೆಯ ಬಿಳುಪನ್ನು ಪರೀಕ್ಷಿಸುವ ವಿಭಾಗದಲ್ಲಿದ್ದು ನಿವೃತ್ತರಾದವರು. ಕೆಲಸ ಬಿಟ್ಟರೂ ಕಣ್ಣಿನ ಚಾಳಿ ಬಿಟ್ಟಿಲ್ಲ. ಮದುವೆಯ ಕರೆಯೋಲೆ ಬಂದರೆ ಯಾರ ಮದುವೆ ಎಂದು ಓದುವ ಮೊದಲು ಬೆಳಕಿಗೆ ಹಿಡಿದು ಕಾಗದ ನೋಡುತ್ತಾರೆ. ಅವರಿಗೆ ಮೇಲೂ ಕೆಳಗೂ ಪೂರ್ತಿ ಹಲ್ಲಿನ ಸೆಟ್ಟು. ಕೆಳಗಿನದು ವಸಡಿಗೆ ಒತ್ತುತ್ತದೆ ಎಂದು ಅದನ್ನು ಉಜ್ಜಿಸಿಕೊಳ್ಳಲು ಬಂದಿದ್ದರು. ಊಟಕ್ಕೆ ಅಡ್ಡ ಬರುತ್ತದೆ ಎಂದು ಎಲೆಯ ಮುಂದೆ ಕೂತಾಗ ಸೆಟ್ಟು ತೆಗೆದು ತಮ್ಮ ಹಳೆಯ ಅಡಿಕೆ ಡಬ್ಬಿಯಲ್ಲಿ ಇಡುತ್ತಾರೆ. ಅಡಿಕೆ ಅಗಿಯಲು ಈಗ ಆಗುವುದಿಲ್ಲ. ಡಬ್ಬಿ ಮಾತ್ರ ಮೊದಲಿನ ಹಾಗೇ ಜೇಬಿನಲ್ಲಿದೆ.

ಡಾಕ್ಟರಮ್ಮ ಕ್ಯಾಪುಗಳ ಬಗೆಯನ್ನು ಸಮಾಧಾನವಾಗಿ ವಿವರಿಸಿದರು. ಬರೀ ಲೋಹದ್ದು ಗಟ್ಟಿ, ಆದರೆ ದವಡೆ ಹಲ್ಲಿಗೆ ಸರಿ. ಮುಂದೆ ಹಾಕಿದರೆ ಬಾಯಿ ತೆರೆದಾಗಲೆಲ್ಲ ಮಿಂಚುತ್ತದೆ. ನನಗೆ ತಕ್ಷಣ ನಮ್ಮ ದೊಡ್ಡಪ್ಪನ ಚಿನ್ನದ ಹಲ್ಲು ನೆನಪಾಯಿತು. ಅದು ಕಾಣಲೆಂದೇ ಅವರು ಸಾವಿನ ಮನೆಯಲ್ಲೂ ಒಂದು ಬದಿಯಿಂದ ನಗುತ್ತಿದ್ದರು. ಇನ್ನೊಂದು ಬಗೆ, ಒಳಗೆ ಲೋಹ, ಮೇಲೆ ಪಿಂಗಾಣಿ. ನೋಡಲು ಪರವಾಗಿಲ್ಲ, ವರ್ಷ ಕಳೆದಂತೆ ವಸಡಿನ ಅಂಚಿನಲ್ಲಿ ಕಪ್ಪು ಗೆರೆ ಕಾಣಬಹುದು. ಅಂದರೆ ಲೈನಿಂಗ್ ಹಾಕಿದ ಬ್ಲೌಸು. ಲೈನಿಂಗ್ ಇಣುಕುವುದು ನಮ್ಮಲ್ಲೂ ಉಂಟು. ಮೂರನೆಯದು ಪೂರ್ತಿ ಪಿಂಗಾಣಿಯದು, ಚೆಂದ. ಆಮೇಲೆ ಜಿರ್ಕೋನಿಯ ಎಂಬುದು, ಚೆಂದವೂ ಹೌದು, ಕಲ್ಲಿನಂತೆ ಗಟ್ಟಿಯೂ ಹೌದು. ಹಲ್ಲು ಬೇರುಸಮೇತ ಹೋಗಿದ್ದರೆ ಪಕ್ಕದ ಹಲ್ಲಿಗೆ ಕ್ಲಿಪ್ಪು ಸಿಕ್ಕಿಸಿ ಹಾಕಿ ತೆಗೆಯುವ ಹಲ್ಲು, ಇಲ್ಲವೆ ಮೂಳೆಗೇ ಸ್ಕ್ರೂ ಕೂರಿಸಿ ಕಟ್ಟುವ ಹಲ್ಲು. ನನಗೆ ಅದರ ಅಗತ್ಯವಿಲ್ಲ ಎಂದರು.

"ಎಲ್ಲಾ ಕಿತ್ತಾಕಿಸಿ ಸೆಟ್ ಹಾಕಿಸ್ಕೊ ಮಾರಾಯ" ಎಂದರು ಭಾವ. "ಈ ಮ್ಯಾಚಿಂಗ್ ರಗಳೆನೇ ಇರಲ್ಲ. ನಂದು ನೋಡು, ಒಂದೇ ಲಾಟಿನ ಮಾಲು."

"ಗಟ್ಟಿ ಹಲ್ಲು ಯಾರಾದ್ರೂ ಕೀಳಿಸ್ಕೊತಾರಾ ಅಂಕಲ್?" ಎಂದು ಡಾಕ್ಟರಮ್ಮ ಗಾಬರಿಯಾದರು.

ಜಿರ್ಕೋನಿಯ ಎಂದು ತೀರ್ಮಾನವಾಯಿತು. ಆಗ ಆಕೆ ಒಂದು ಪಟ್ಟಿ ತೆಗೆದರು. ಸಾಲಾಗಿ ಜೋಡಿಸಿದ ಪುಟ್ಟ ಪುಟ್ಟ ಹಲ್ಲುಗಳು, ಒಂದಕ್ಕಿಂತ ಒಂದು ಸ್ವಲ್ಪ ಹಳದಿ. ನಮ್ಮ ದಾರದ ಕಂಪನಿಯವರು ಕೊಡುವ ಶೇಡ್ ಕಾರ್ಡಿನ ತದ್ರೂಪ! ನಾನು ಬಾಯಿ ತೆರೆದ ಕೂಡಲೇ ಆಕೆ ಪಟ್ಟಿ ಹಿಡಿದು ಒಂದು ಹಲ್ಲನ್ನು ಮುಟ್ಟಿ, "ಇದು ಸರಿ ಹೋಗುತ್ತೆ" ಎಂದರು. ಕಣ್ಣು ಮಿಟುಕಿಸುವಷ್ಟರಲ್ಲಿ ಬಣ್ಣ ಆರಿಸಿ ಮುಗಿಸುವುದೇ? ಅದೂ ನನ್ನ ಮುಂದೆ? ನಾನು ಪಟ್ಟಿ ಕೇಳಿ ಇಸಿದುಕೊಂಡೆ.

"ಬಾಯಿ ತೆರೆದಿಟ್ಟಷ್ಟೂ ಹಲ್ಲು ಒಣಗುತ್ತೆ ಅಂಕಲ್. ಒಣಗಿದ್ರೆ ಬೆಳ್ಳಗೆ ಕಾಣುತ್ತೆ. ಅದಕ್ಕೇ ಮೊದಲೇ ನೋಡ್ಬಿಡೋದು" ಎಂದು ಆಕೆ ಹೇಳಿದರು. ಹೇಳಿದ್ದು ಕೇಳಿಸಿತು. ಆದರೆ ನಾನು ಆಗಲೇ ಟ್ಯೂಬ್‌ಲೈಟನ್ನು ಸಂಶಯದಿಂದ ನೋಡುತ್ತಿದ್ದೆ. ಕಿಟಕಿಯ ಹತ್ತಿರ ಹೋದರೆ ಎದುರು ಕಟ್ಟಡದ ಗಿಳಿಹಸಿರು ಬಣ್ಣ ನನ್ನ ಮುಖಕ್ಕೇ ಬಡಿಯುತ್ತಿತ್ತು. ಇಂಥ ಬೆಳಕಿನಲ್ಲಿ ಯಾವ ಮರ್ಯಾದಸ್ಥನೂ ಬಿಳಿ ಆರಿಸಲಾರ. "ಒಂದ್ಸಲ ಬಿಸಿಲಲ್ಲಿ ನೋಡ್ಕೊಂಡು ಬರ್ತೀನಿ ಮೇಡಂ" ಎಂದು ಪಟ್ಟಿಯನ್ನೂ ಕೈಗನ್ನಡಿಯನ್ನೂ ಹಿಡಿದು ಮೆಟ್ಟಿಲಿಳಿದೆ. ಭಾವ ಹಿಂದೆಯೇ ಬಂದರು.

ಮಧ್ಯಾಹ್ನದ ಬಿಸಿಲು, ದುರ್ಗಿಗುಡಿಯ ಫುಟ್‌ಪಾತು, ನಾನು ಬಾಯಿ ಅಗಲಿಸಿಕೊಂಡು ನಿಂತಿದ್ದೇನೆ. ಭಾವ ಒಂದೊಂದೇ ಹಲ್ಲನ್ನು ನನ್ನ ತುಟಿಯ ಹತ್ತಿರ ಹಿಡಿದು, ಕಣ್ಣು ಕಿರಿದು ಮಾಡಿ ನೋಡುತ್ತಿದ್ದಾರೆ. "ಇದು ನ್ಯೂಸ್‌ಪ್ರಿಂಟು", "ಇದು ಬರೆಯೋ ಕಾಗದ", "ಇದಕ್ಕೆ ಬ್ಲೀಚ್ ಜಾಸ್ತಿಯಾಗಿದೆ". ನಾನು ಬಾಯಿ ಮುಚ್ಚದೆಯೇ ಕೆನೆಬಿಳಿ ಎಂದು ವಾದಿಸಿದೆ. ಬಾಡಿಗೆಗೆ ಕಾಯುತ್ತಿದ್ದ ಆಟೋದವನೊಬ್ಬ ಇಳಿದು ಬಂದು, "ಬೆಳ್ಳಗಿರೋದೇ ಹಾಕ್ಸಿ ಸಾರ್, ಹೆಂಗೂ ಹೊಸದಲ್ವಾ" ಎಂದು ಸಲಹೆ ಕೊಟ್ಟ. ಇಬ್ಬರೂ ಬಿಳುಪಿನಲ್ಲೇ ಅನ್ನ ಉಂಡವರು, ಬೇಗ ಸೋಲುವವರಲ್ಲ. ಕೊನೆಗೆ ಪಟ್ಟಿಯ ಬಿಳಿ ತುದಿಯ ಹತ್ತಿರದ ಒಂದು ಹಲ್ಲಿಗೆ ಇಬ್ಬರೂ ಒಪ್ಪಿದೆವು. ಭಾವನೂ ನಾನೂ ಒಂದು ಬಣ್ಣಕ್ಕೆ ಒಪ್ಪಿದ್ದು ಅದೇ ಮೊದಲು. ಅಷ್ಟರಿಂದಲೇ ನನಗೆ ಅನುಮಾನ ಬರಬೇಕಿತ್ತು. ಡಾಕ್ಟರಮ್ಮ ಮತ್ತೆ ಎರಡು ಸಲ ಬೇಡವೆಂದರು. ನಾನು ನನ್ನ ವೃತ್ತಿಯ ಪರಿಚಯ ಮಾಡಿಕೊಟ್ಟೆ. ಆಕೆ ಆ ಹಲ್ಲಿನ ನಂಬರು ಬರೆದುಕೊಂಡರು.

ಕ್ಯಾಪ್ ಕೂರಿಸಿದ ದಿನವೂ ಬಹಳ ಹೊತ್ತು ಬಾಯಿ ತೆರೆದೇ ಇದ್ದೆನಲ್ಲ, ಕನ್ನಡಿಯಲ್ಲಿ ನೋಡಿದರೆ ಎಲ್ಲ ಹಲ್ಲೂ ಒಂದೇ ಸಮ. "ಅಂಟಿಸೋ ಮೊದಲು ಸ್ವಲ್ಪ ಹೊತ್ತು ಬಾಯಿ ಮುಚ್ಕೊಂಡು ಕೂತು, ಆಮೇಲೆ ನೋಡೋಣ" ಎಂದರು ಡಾಕ್ಟರಮ್ಮ. "ಅಂಗಡಿ ಬಿಟ್ಟು ಬಂದಿದೀನಿ ಮೇಡಂ, ಅಂಟಿಸಿಬಿಡಿ" ಎಂದು ಗೆದ್ದವನಂತೆ ಹೊರಟುಬಂದೆ. ರಾತ್ರಿ ಊಟಕ್ಕೆ ಕೂತು ಏನೋ ಹೇಳಿ ನಕ್ಕಾಗ ಹೆಂಡತಿ ಗಿರಿಜಾ ಸೌಟು ಹಿಡಿದು ಹಾಗೇ ನಿಂತಳು. "ಎಲ್ಲಾ ಸರಿ ಕಣ್ರೀ, ಅದೊಂದು ಯಾಕೆ ಟ್ಯೂಬ್‌ಲೈಟ್ ಥರ ಉರೀತಿದೆ?"

ಓಡಿಹೋಗಿ ಕನ್ನಡಿ ನೋಡಿದೆ. ಎಂಜಲಲ್ಲಿ ನೆಂದ ನನ್ನ ಸ್ವಂತ ಹಲ್ಲುಗಳು ತಮ್ಮ ಹಳೆಯ ಹಳದಿಗೆ ವಾಪಸಾಗಿದ್ದವು. ನಡುವೆ ಹೊಸಬ ಒಬ್ಬನೇ ಇಸ್ತ್ರಿ ಹಾಕಿಸಿಕೊಂಡು ನಿಂತಿದ್ದ. ನೆಂದ ಸೀರೆಗೆ ಬಟ್ಟೆ ಕೊಡದ ನಾನು, ಲೋಕದಲ್ಲಿ ಸದಾ ನೆಂದೇ ಇರುವ ವಸ್ತುವನ್ನು ಬಿಸಿಲಿನಲ್ಲಿ ಒಣಗಿಸಿ ಮ್ಯಾಚಿಂಗ್ ಮಾಡಿದ್ದೆ. ಭಾವನಿಗೆ ಫೋನ್ ಮಾಡಿದರೆ, "ಆ ಹಲ್ಲು ಸರಿಯಾಗೇ ಇದೆ ಮಾರಾಯ, ಉಳಿದವು ಹಳೇ ಸ್ಟಾಕು" ಎಂದು ಇಟ್ಟುಬಿಟ್ಟರು.

ಮನೆಯಲ್ಲಿ ನಗುತ್ತಾರೆ, ನಗಲಿ. ನನಗೆ ಭಯವಾದದ್ದು ಅಂಗಡಿಯ ಬಗ್ಗೆ. ಬಣ್ಣ ಹೊಂದಿಸಿ ಬದುಕುವವನ ಬಾಯಲ್ಲೇ ಬಣ್ಣ ಹೊಂದದ ಹಲ್ಲು! ಒಂದು ವಾರ ತುಟಿ ಬಿಗಿಹಿಡಿದು ವ್ಯಾಪಾರ ಮಾಡಿದೆ. ಗಿರಾಕಿಗಳು ನನಗೆ ಯಾರ ಮೇಲೋ ಕೋಪವೆಂದುಕೊಂಡರು. ಆಗ ಹೊಳಲೂರಿನ ಶಾಂತಮ್ಮ ಬಂದರು. ಅವರ ತಾಯಿಯ ಕಾಲದಿಂದ ಆ ಮನೆಯ ಮದುವೆ ಸೀರೆಗಳಿಗೆಲ್ಲ ನಮ್ಮದೇ ಬಟ್ಟೆ. ಈಗ ಮಗಳ ಮದುವೆ. ಚೀಲದ ತುಂಬ ಸೀರೆ ತಂದಿದ್ದರು. ಖುಷಿಗೆ ಮರೆತು ಬಾಯಿ ತುಂಬ ನಕ್ಕುಬಿಟ್ಟೆ. ಅವರ ಕಣ್ಣು ನನ್ನ ಕಣ್ಣಿನಿಂದ ಕೆಳಗಿಳಿದು ಅಲ್ಲೇ ನಿಂತಿತು. ನಾನು ಮೊದಲ ಸೀರೆಗೆ, ಅರಿಶಿನದ ಅಂಚಿನ ಕೆನೆಬಣ್ಣದ್ದು ಅದು, ಪೀಸು ತೆಗೆದು ಹಾಸಿದೆ. ಅವರು ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ಬೇಜಾರು ಮಾಡ್ಕೋಬೇಡ ಮಂಜಣ್ಣ. ಒಂದ್ಸಲ ಬಿಸಿಲಲ್ಲಿ ನೋಡ್ಕೊಂಡು ಬರ್ತೀನಿ."

ಸೀರೆಯನ್ನೂ ಪೀಸನ್ನೂ ಎತ್ತಿಕೊಂಡು ರಸ್ತೆಗಿಳಿದರು. ಆಮೇಲೆ ಎರಡನೆಯದು, ಆಮೇಲೆ ಮೂರನೆಯದು. ಪ್ರತಿಯೊಂದೂ ಸರಿಯಾಗಿತ್ತು, ಎಲ್ಲವನ್ನೂ ಕೊಂಡರು, ಕರೆಯೋಲೆಯನ್ನೂ ಕೊಟ್ಟು ಹೋದರು. ಆದರೂ ಅವತ್ತು ನನಗೆ ಊಟ ರುಚಿಸಲಿಲ್ಲ. ವ್ಯಾಪಾರವೇನೂ ಕೆಟ್ಟಿರಲಿಲ್ಲ, ಮನಸ್ಸು ಕೆಟ್ಟಿತ್ತು.

ಮರುದಿನವೇ ಡಾಕ್ಟರಮ್ಮನಿಗೆ ಶರಣಾದೆ. ಜಿರ್ಕೋನಿಯದ ಬಣ್ಣವನ್ನು ಈಗ ಬದಲಾಯಿಸಲಾಗದು. ಅದನ್ನು ಕೊಯ್ದು ತೆಗೆದು ಬೇರೆಯದನ್ನು ಮಾಡಿಸಬೇಕು, ಇಲ್ಲವೆ ಉಳಿದ ಹಲ್ಲುಗಳನ್ನು ಬಿಳಿ ಮಾಡಿಸಿಕೊಳ್ಳಬಹುದು ಎಂದರು. ಬ್ಲೌಸ್ ಪೀಸಿಗೆ ಹೊಂದಲಿ ಎಂದು ಸೀರೆಗೆ ಬಣ್ಣ ಹಾಕಿಸಿದ ಇತಿಹಾಸ ನಮ್ಮ ಅಂಗಡಿಯಲ್ಲಿಲ್ಲ. ಕೊಯ್ದುಬಿಡಿ ಎಂದೆ.

ಗೊತ್ತುಮಾಡಿದ ದಿನ, ಭಾವನಿಗೆ ಸುಳಿವೇ ಕೊಡದೆ, ತುಟಿ ಬಿಗಿದುಕೊಂಡು ಮೆಟ್ಟಿಲು ಹತ್ತಿದೆ. ಬಾಯಿ ತೆರೆದ ತಕ್ಷಣ ಆಕೆ ಪಟ್ಟಿ ಹಿಡಿದರು, ಮೊದಲ ಸಲ ಮುಟ್ಟಿದ್ದ ಅದೇ ಹಲ್ಲನ್ನು ಮುಟ್ಟಿದರು, "ಇದೇ ಅಂಕಲ್" ಎಂದರು. ಕನ್ನಡಿಯಲ್ಲಿ ನೋಡಿದೆ. ಸರಿಯಾಗಿಯೇ ಇತ್ತು. ನಾನು ಸೀರೆ ಕಂಡೊಡನೆ ಕಪಾಟಿಗೆ ಕೈ ಹಾಕುತ್ತೇನಲ್ಲ, ಅಷ್ಟೇ ಸಲೀಸಾಗಿ ಆರಿಸಿದ್ದರು. ಆಕೆ ಕೈಗವಸು ಹಾಕಿಕೊಳ್ಳತೊಡಗಿದರು. ಸುಮ್ಮನೆ ಒರಗಿಕೊಂಡಿದ್ದರೆ ಸಾಕಿತ್ತು.

"ಮೇಡಂ, ಬೇಜಾರು ಮಾಡ್ಕೋಬೇಡಿ" ಎಂದೆ. "ಒಂದ್ಸಲ ಬಿಸಿಲಲ್ಲಿ ನೋಡ್ಕೊಂಡು ಬರ್ತೀನಿ."

ಆಕೆ ಕೈಗವಸು ಕಳಚಿದರು. ಪಟ್ಟಿಯನ್ನು ನನ್ನ ಕೈಗಿಟ್ಟು ಒಂದು ಕ್ಷಣ ನನ್ನನ್ನೇ ನೋಡಿದರು. ಶಾಂತಮ್ಮ ಬಟ್ಟೆ ಎತ್ತಿಕೊಂಡು ರಸ್ತೆಗಿಳಿದಾಗ ನನ್ನ ಮುಖ ಹೇಗಿತ್ತೋ ನನಗೆ ಗೊತ್ತಿರಲಿಲ್ಲ. ಈಗ ಗೊತ್ತಾಯಿತು.