ತೂಕವಿಲ್ಲದ ಉಪಕರಣ

ಕೈಜಾರಿ ಬಿದ್ದರೆ ಕಾಲ್ಬೆರಳು ಜಜ್ಜದ ವಸ್ತುವನ್ನು ಉಪಕರಣವೆಂದು ಒಪ್ಪಲು ನನ್ನ ಮನಸ್ಸು ಇಂದಿಗೂ ಸಿದ್ಧವಿಲ್ಲ. ಮೈಸೂರಿನ ಸರ್ಕಾರಿ ಕಾಲೇಜೊಂದರ ಭೌತಶಾಸ್ತ್ರ ವಿಭಾಗದಲ್ಲಿ ಸಾಮಾನು ಕೋಣೆಯ ಬೀಗದ ಕೈ ಇಪ್ಪತ್ತೆಂಟು ವರ್ಷಗಳಿಂದ ನನ್ನ ಬಳಿಯೇ ಇದೆ. ಅಲ್ಲಿನ ತೇಗದ ಪೆಟ್ಟಿಗೆಯ ಗ್ಯಾಲ್ವನೋಮೀಟರುಗಳನ್ನು ಎತ್ತಿ ಎತ್ತಿಯೇ ನನಗೆ ಸೊಂಟನೋವು ಬಂದದ್ದು. ವಿಜ್ಞಾನಕ್ಕೆ ನನ್ನ ಕೊಡುಗೆ ಅದೊಂದೇ.

ಹೀಗಿರುವಾಗ ಸಂಶೋಧನಾ ವಿದ್ಯಾರ್ಥಿನಿ ಕಾವ್ಯ, ಹಪ್ಪಳಕ್ಕಿಂತ ತೆಳ್ಳಗಿನ ಒಂದು ಪ್ಲಾಸ್ಟಿಕ್ ಚೂರನ್ನು ಪುಟ್ಟ ಡಬ್ಬಿಯಲ್ಲಿ ತಂದು ನನ್ನ ಮೇಜಿನ ಮೇಲಿಟ್ಟಳು. "ಇದ್ರಲ್ಲಿ ಅರೆವಾಹಕದ ನ್ಯಾನೋ ತಂತಿಗಳಿವೆ ಸಾರ್. ಕೂದಲಿಗಿಂತ ಸಾವಿರ ಪಟ್ಟು ಸಣ್ಣ." ನನ್ನ ತಲೆಯನ್ನು ನೋಡಿಕೊಂಡೇ ಅವಳು ಆ ಹೋಲಿಕೆ ಆರಿಸಿದಳೆಂದು ನನಗೆ ಗುಮಾನಿ. ಮಣಿಕಟ್ಟಿಗೆ ಅಂಟಿಸಿದರೆ ನಾಡಿಬಡಿತ ತೋರಿಸುತ್ತದಂತೆ. "ಎಂಗೆ ಬಗ್ಗಿಸಿದ್ರೂ ಬಗ್ಗುತ್ತೆ, ಕರೆಂಟಂತೂ ಕುಡಿಯೋದೇ ಇಲ್ಲ ಸಾರ್" ಎಂದಳು.

"ಹೇಳ್ದಂಗೆ ಬಗ್ಗೋದು, ಇರೋ ಶಕ್ತೀನ ಖರ್ಚು ಮಾಡ್ದೇ ಇರೋದು. ಇದನ್ನ ಕಂಡುಹಿಡಿಯೋಕೆ ಮೂರು ವರ್ಷ ಬೇಕಿತ್ತೇನಮ್ಮ? ನಮ್ಮ ಆಫೀಸಿಗೆ ಬಂದಿದ್ರೆ ಅರ್ಧ ದಿನದಲ್ಲಿ ತೋರಿಸ್ತಿದ್ದೆ" ಎಂದೆ. ಅವಳು ನಗಲಿಲ್ಲ. ಮರುದಿನ ಪರೀಕ್ಷಕರ ಮುಂದೆ ಅದು ಕೆಲಸ ಮಾಡಿದರಷ್ಟೇ ಅವಳಿಗೆ ಡಾಕ್ಟರೇಟು. "ನಿಮ್ಮತ್ರ ಭದ್ರವಾಗಿರ್ಲಿ ಸಾರ್" ಎಂದು ಹೇಳಿ ಹೋದಳು.

ಭದ್ರತೆಯನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ಸಾಮಾನು ಕೋಣೆಗೆ ಬಂದ ಯಾವ ವಸ್ತುವೂ ಮೈಮೇಲೆ ನಂಬರಿಲ್ಲದೆ ಒಂದು ದಿನವೂ ಕಳೆಯಕೂಡದು. ಇದು ನಮ್ಮಲ್ಲಿ ಶಾಸನ. ನಜರ್‌ಬಾದಿನ ಅಂಗಡಿಯಿಂದ ತಂದಿದ್ದ ಬಿಳಿ ಎನಾಮೆಲ್ ಪೇಂಟಿನಲ್ಲಿ ಕುಂಚ ಅದ್ದಿ, ಉಸಿರು ಬಿಗಿಹಿಡಿದು, ಆ ಚೂರಿನ ನಟ್ಟನಡುವೆ ೪೧೭ ಎಂದು ಬರೆದೆ. ಆ ಬಡಪಾಯಿಗೆ ಕೊನೆಗೂ ಒಂದು ಅಂತಸ್ತು ಬಂತೆಂದು ಸಂತೋಷಪಟ್ಟೆ.

ಬೆಳಿಗ್ಗೆ ಕಾವ್ಯ ಅದನ್ನು ತನ್ನ ಮಣಿಕಟ್ಟಿಗೆ ಅಂಟಿಸಿಕೊಂಡು ಕಂಪ್ಯೂಟರಿಗೆ ಜೋಡಿಸಿದರೆ, ಪರದೆಯ ಮೇಲೆ ಸತ್ತವನ ನಾಡಿಯಂತೆ ನೇರ ಗೆರೆ.

"ಪೇಂಟು ತಂತಿಗಳನ್ನೆಲ್ಲ ತಿಂದ್ಬುಡ್ತು ಸಾರ್. ಬರೀಲೇಬೇಕಿದ್ರೆ ಡಬ್ಬಿ ಮೇಲೆ ಬರೀಬೋದಿತ್ತಲ್ಲ?"

"ಡಬ್ಬಿ ಬದಲಾಗ್ಬೋದು ಕಣಮ್ಮ" ಎಂದೆ. ಉತ್ತರ ನಿಯಮಬದ್ಧವಾಗಿತ್ತು. ಆದರೆ ಅವಳ ಕಣ್ಣಲ್ಲಿ ನೀರು ಕಂಡು, ಮೇಜಿನ ಮೇಲಿದ್ದ ಕುಂಚವನ್ನು ಮೆಲ್ಲಗೆ ಜೇಬಿಗಿಳಿಸಿದೆ.

ಅಂಚು ಸೊಟ್ಟಗಿದೆಯೆಂದು ತಾನೇ ತಳ್ಳಿಹಾಕಿದ್ದ ಇನ್ನೊಂದು ಚೂರು ಅವಳ ಚೀಲದಲ್ಲಿತ್ತು. "ನಾನು ಕಂಪ್ಯೂಟರ್ ನೋಡ್ಕೋಬೇಕು ಸಾರ್. ನಿಮ್ ಕೈ ಕೊಡಿ" ಎಂದು ಅದನ್ನು ನನ್ನ ಮಣಿಕಟ್ಟಿಗೆ ಅಂಟಿಸಿಬಿಟ್ಟಳು. ಅಷ್ಟರಲ್ಲಿ ಪರೀಕ್ಷಕರು ಬಂದರು. ನಾನು ಕಲ್ಲಿನ ಬಸವನಂತೆ ಕುಳಿತೆ. ಗೆರೆ ಸೌಮ್ಯವಾಗಿ ಏರಿಳಿಯುತ್ತಿತ್ತು. ಹಿರಿಯ ಪರೀಕ್ಷಕರು ಕನ್ನಡಕ ಸರಿಪಡಿಸಿಕೊಂಡು ನನ್ನನ್ನೇ ಕೇಳಿದರು: "ಮೊದಲನೇದು ಹಾಳಾಯ್ತಂತಲ್ರೀ, ಯಾರ ಕೆಲಸ?"

"ನನಗೆ ಗೊತ್ತಿಲ್ಲ ಸಾರ್" ಎಂದೆ, ಮುಖದ ಒಂದು ನರವೂ ಅಲುಗದಂತೆ.

ಪರದೆಯ ಗೆರೆ ಬೆದರಿದ ಕುದುರೆಯಂತೆ ಎಗರಾಡತೊಡಗಿತು. ಅವರು ಪರದೆ ನೋಡಿದರು, ನನ್ನನ್ನು ನೋಡಿದರು, ಆಮೇಲೆ ಕಾವ್ಯಳ ಕಡೆ ತಿರುಗಿ, "ಪರವಾಗಿಲ್ಲ ಕಣಮ್ಮ, ಬಲು ಚೆನ್ನಾಗಿ ಕೆಲಸ ಮಾಡ್ತಿದೆ" ಎಂದರು.

ಅವಳಿಗೆ ಡಾಕ್ಟರೇಟು ಸಿಕ್ಕಿತು. ನನ್ನ ಅಭಿಪ್ರಾಯ ಮಾತ್ರ ಮೊದಲಿಗಿಂತ ಗಟ್ಟಿಯಾಗಿದೆ. ಮೇಲಧಿಕಾರಿಗಳ ಎದುರು ಇಪ್ಪತ್ತೆಂಟು ವರ್ಷ ತಪಸ್ಸಿನಂತೆ ಸಾಧಿಸಿದ ಮುಖವನ್ನು ಅರ್ಧ ನಿಮಿಷದಲ್ಲಿ ಸುಳ್ಳಾಗಿಸುವ ವಸ್ತು, ಯಾವ ಸರ್ಕಾರಿ ಸಂಸ್ಥೆಯಲ್ಲೂ ಇಟ್ಟುಕೊಳ್ಳಲು ಯೋಗ್ಯವಾದದ್ದಲ್ಲ.