ಒಂದು ರೂಪಾಯಿ ಅಂಟಿಸಿದ ಕವರು

ನಾನು ಹುಟ್ಟಾ ಅನುಮಾನದ ಪ್ರಾಣಿ. ತರಕಾರಿಯವಳು ಕೇಳದೆಯೇ ಒಂದು ಹಿಡಿ ಕೊತ್ತಂಬರಿ ಜಾಸ್ತಿ ಹಾಕಿದರೆ ಟೊಮೆಟೊ ಕೊಳೆತಿರಬೇಕು ಎಂದು ಅಲ್ಲೇ ಚೀಲ ಮಗುಚಿ ನೋಡುತ್ತೇನೆ. ಬೆಳಗಿನ ಉಪ್ಪಿಟ್ಟಿನಲ್ಲಿ ಗೋಡಂಬಿ ಕಂಡರೆ ಹೆಂಡತಿಯ ತವರಿನಿಂದ ಯಾರೋ ಬರುವವರಿದ್ದಾರೆ ಎಂದು ತಿಳಿದುಕೊಳ್ಳುತ್ತೇನೆ. ಈ ಎರಡನೆಯ ಅನುಮಾನ ಇದುವರೆಗೆ ಒಮ್ಮೆಯೂ ಸುಳ್ಳಾಗಿಲ್ಲ. ಆದರೆ ಅನುಮಾನಗಳಲ್ಲೆಲ್ಲ ದೊಡ್ಡದು ಸಂಬಳದ ಅನುಮಾನ. ನಮ್ಮ ಕೊಳ್ಳೇಗಾಲದ ಕಡೆ ಬಸ್ಸಿನಲ್ಲಿ ಪಕ್ಕಕ್ಕೆ ಕೂತವನು ನಿಮ್ಮ ಹೆಸರು ಕೇಳುವುದಕ್ಕೆ ಮುಂಚೆ 'ಸಂಬ್ಳ ಏಟ್ ಬತ್ತದೆ ಸಾ?' ಎಂದು ಕೇಳುತ್ತಾನೆ. ನಾವು ಇದ್ದದ್ದು ಇದ್ದ ಹಾಗೆ ಹೇಳುತ್ತೇವೆ, ಅವನು ನಂಬುವುದಿಲ್ಲ. ಅವನದನ್ನು ಅವನು ಹೇಳುತ್ತಾನೆ, ನಾವು ನಂಬುವುದಿಲ್ಲ. ಹೀಗೆ ಇಬ್ಬರೂ ನೆಮ್ಮದಿಯಾಗಿ ಊರು ತಲುಪುತ್ತೇವೆ. ನಾನಿರುವ ಹೈಸ್ಕೂಲಿನಲ್ಲಿ ಯಾರಿಗೆ ಎಷ್ಟು ಸಂಬಳ ಎಂಬುದು ಸರ್ಕಾರಕ್ಕೂ ಗೊತ್ತು, ಅಟೆಂಡರಿಗೂ ಗೊತ್ತು. ಆದರೂ ಸಂಬಳ ಬಿದ್ದ ದಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ಫೋನನ್ನು ಎದೆಗೆ ಅವಚಿಕೊಂಡೇ ಮೆಸೇಜು ಓದುತ್ತೇವೆ. ಪಕ್ಕದವರ ಮುಖ ತುಸು ಅರಳಿತೋ, ಇವರಿಗೆ ಅದ್ಯಾವ ಹಳೇ ಬಾಕಿ ಬಂದಿರಬಹುದು ಎಂದು ಮಧ್ಯಾಹ್ನದ ಊಟ ರುಚಿಸುವುದಿಲ್ಲ.

ಇಂಥವನನ್ನು ಊರಿನವರು ಹಿಡಿದು ಫುಟ್‌ಬಾಲ್ ಕ್ಲಬ್ಬಿನ ಖಜಾಂಚಿ ಮಾಡಿದರು. ಗುಡ್ಡದಡಿ ಫುಟ್‌ಬಾಲ್ ಕ್ಲಬ್ ಎಂದು ಅದರ ಹೆಸರು. ನನಗೂ ಫುಟ್‌ಬಾಲಿಗೂ ಇರುವ ಸಂಬಂಧ ಇಷ್ಟೇ: ಆಫ್‌ಸೈಡ್ ಎಂದರೇನು ಎಂದು ನಾನು ಹತ್ತಾರು ಜನರನ್ನು ಕೇಳಿದ್ದೇನೆ, ಒಬ್ಬೊಬ್ಬರು ಒಂದೊಂದು ಹೇಳಿದ್ದಾರೆ, ಎಲ್ಲರೂ ಸೇರಿ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂಬುದು ನನ್ನ ಅಂದಾಜು. ಗಣಿತದ ಮೇಷ್ಟ್ರನ್ನು ಬಿಟ್ಟು ಸಮಾಜ ವಿಜ್ಞಾನದ ನನ್ನನ್ನೇ ಏಕೆ ಖಜಾಂಚಿ ಮಾಡಿದಿರಿ ಎಂದು ತಂಡದ ಕ್ಯಾಪ್ಟನ್ ಮಾದೇಶನನ್ನು ಕೇಳಿದೆ. ಅವನು ಊರಲ್ಲಿ ಆಟೋ ಓಡಿಸುವವನು, ಮಾತಿಗೆ ಮೀಟರ್ ಹಾಕುವವನಲ್ಲ. "ಲೆಕ್ಕದ್ ಮೇಷ್ಟ್ರು ಬಂದ್ರೆ ಲೆಕ್ಕ ಕೇಳ್ತರೆ ಕಣ್ ಸಾ," ಎಂದ. ಇದು ಹೊಗಳಿಕೆಯೋ ಬೈಗುಳವೋ ತಿಳಿಯದೆ ಒಪ್ಪಿಕೊಂಡೆ.

ಕ್ಲಬ್ಬಿಗೆ ದುಡ್ಡು ಹಾಕುತ್ತಿದ್ದವರು ಕುಂತೂರಿನ ಶಿವಮಲ್ಲಪ್ಪನವರು. ಕಬ್ಬಿನ ಗದ್ದೆ, ಕಬ್ಬು ಹೊರುವ ಟ್ರ್ಯಾಕ್ಟರುಗಳು, ದೊಡ್ಡ ಮೀಸೆ, ಎಲ್ಲ ಇದ್ದವರು. ಪ್ರತಿ ಪಂದ್ಯಕ್ಕೂ ಆಟಗಾರರಿಗೆ ಇಷ್ಟು ಎಂದು ಅವರೇ ಕೊಡುತ್ತಿದ್ದರು, ಎಲ್ಲರಿಗೂ ಸಮ. ತಂಡ ಹೆಚ್ಚು ಗೆಲ್ಲುತ್ತಿರಲಿಲ್ಲ, ಹೆಚ್ಚು ಜಗಳವನ್ನೂ ಆಡುತ್ತಿರಲಿಲ್ಲ. ಒಂದು ದಿನ ಸಾಹುಕಾರರು ಟಿ.ವಿ.ಯಲ್ಲಿ ವಿದೇಶದ ಪಂದ್ಯವೊಂದನ್ನು ನೋಡಿದರು. ಅಲ್ಲಿ ಒಬ್ಬನಿಗೇ ಇಡೀ ಊರು ಕೊಂಡುಕೊಳ್ಳುವಷ್ಟು ಸಂಬಳ ಎಂದು ಯಾರೋ ಅವರ ಕಿವಿಗೆ ಹಾಕಿದರು. ಮರುದಿನವೇ ನನ್ನನ್ನು ಕರೆಸಿ, "ನಮ್ಗೂ ಒಬ್ಬ ಅಂತೋನು ಬೇಕು ಮೇಷ್ಟ್ರೇ. ಡಬಲ್ ಕೊಡಮ. ಎಂಜಿನ್ ಗಟ್ಟಿಯಾಗಿದ್ರೆ ಟ್ರೈಲರು ತಾನಾಗೇ ಬತ್ತದೆ," ಎಂದರು.

ಎಂಜಿನ್ನು ಮಾರ್ಟಳ್ಳಿಯಲ್ಲಿ ಸಿಕ್ಕಿತು. ಆರೋಗ್ಯರಾಜ್ ಎಂದು ಹೆಸರು. ಕನ್ನಡದಲ್ಲಿ ಮಾತು ಶುರು ಮಾಡಿ ತಮಿಳಿನಲ್ಲಿ ಮುಗಿಸುವ, ಕಡ್ಡಿಯಂಥ ಹುಡುಗ. ಆದರೆ ಚೆಂಡು ಅವನ ಕಾಲಿಗೆ ಬಂದರೆ ಸಾಕಿದ ನಾಯಿಯ ಹಾಗೆ ಹೇಳಿದ ಕಡೆ ಹೋಗುತ್ತಿತ್ತು. ಅವನಿಗೆ ಡಬಲ್ ಎಂಬುದು ಸಾಹುಕಾರರನ್ನೂ ನನ್ನನ್ನೂ ಅವನನ್ನೂ ಬಿಟ್ಟು ಇನ್ಯಾರಿಗೂ ತಿಳಿಯಬಾರದು ಎಂದು ಮಾತಾಯಿತು. ಗುಟ್ಟು ಕಾಪಾಡುವುದರಲ್ಲಿ ನನಗೆ ನನ್ನ ಮೇಲೆ ಬಹಳ ನಂಬಿಕೆ. ಇನ್ನು ಮೇಲೆ ದುಡ್ಡನ್ನು ಕೈಗೆ ಕೊಡುವುದಿಲ್ಲ, ಕವರಿನಲ್ಲಿ ಹಾಕಿ ಅಂಟಿಸಿ ಕೊಡುತ್ತೇನೆ ಎಂದು ತೀರ್ಮಾನ ಮಾಡಿದೆ. ಡಬಲ್ ಕವರು ಯಾವುದೆಂದು ಗೊತ್ತಾಗಬೇಕಲ್ಲ, ಅದರ ಮೇಲೆ ಹೆಸರು ಬರೆದರೆ ಬೇರೆಯವರು ನಮ್ಮ ಹೆಸರೆಲ್ಲಿ ಎನ್ನುತ್ತಾರೆ. ನಮ್ಮ ಮನೆಯ ಗೃಹಪ್ರವೇಶಕ್ಕೆ ಬಂದ ಮುಯ್ಯಿ ಕವರುಗಳಲ್ಲಿ ಹರಿಯದ ಒಂದನ್ನು ಹೆಂಡತಿ ಬೀರುವಿನಲ್ಲಿ ಎತ್ತಿಟ್ಟಿದ್ದಳು, ಮೂಲೆಯಲ್ಲಿ ಒಂದು ರೂಪಾಯಿ ನಾಣ್ಯ ಅಂಟಿಸಿದ್ದು. ಡಬಲ್ಲನ್ನು ಅದರಲ್ಲಿ ಹಾಕಿದೆ. ಮಿಕ್ಕವರದನ್ನು ಅಂಗಡಿಯಿಂದ ತಂದ ಸಾದಾ ಬಿಳೀ ಕವರಿನಲ್ಲಿ ಹಾಕಿದೆ. ಕಣ್ಣು ಮುಚ್ಚಿ ಮುಟ್ಟಿದರೂ ಗೊತ್ತಾಗುವ ಉಪಾಯ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಕಣ್ಣು ತೆರೆದವರಿಗೆ ಇನ್ನೂ ಬೇಗ ಗೊತ್ತಾಗುತ್ತದೆ ಎಂಬುದು ಹೊಳೆಯಲಿಲ್ಲ.

ಹನೂರಿನ ಟೂರ್ನಿಯ ಮೊದಲ ಪಂದ್ಯಕ್ಕೆ ಮುಂಚೆ ಕವರು ಹಂಚಿದೆ. ಗೋಲ್‌ಕೀಪರ್ ಸಿದ್ದರಾಜು ಅಗರದವನು, ಭತ್ತದ ಮೂಟೆಯನ್ನು ಒಂದೇ ಕೈಯಲ್ಲಿ ಎತ್ತುವ ಆಳು. ಅವನು ತನ್ನ ಬಿಳೀ ಕವರನ್ನು ಹಿಂದೆ ಮುಂದೆ ತಿರುಗಿಸಿದ. ಆರೋಗ್ಯರಾಜನ ಕವರಿನ ಮೇಲೆ ಬಿಸಿಲಿಗೆ ಫಳಫಳ ಎನ್ನುತ್ತಿದ್ದ ರೂಪಾಯಿಯನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ.

"ಅವಂಗ ಮದ್ವೆ ಕವರು, ನಮ್ಗ ತಿಥಿ ಕವರಾ ಸಾ?"

ನಾನು ಡಬಲ್ ಸಂಗತಿ ಹೊರಬಿದ್ದರೆ ಏನು ಹೇಳಬೇಕು ಎಂದು ದಾರಿಯುದ್ದಕ್ಕೂ ಉತ್ತರ ಕಟ್ಟಿಕೊಂಡು ಬಂದಿದ್ದೆ. ಅವನು ಕೇಳಿದ್ದು ಡಬಲ್ಲನ್ನಲ್ಲ, ರೂಪಾಯಿಯನ್ನು. ಸೊನ್ನೆಯಲ್ಲಿ ಮುಗಿಯುವ ದುಡ್ಡನ್ನು ಮೇಲೊಂದು ರೂಪಾಯಿ ಇಲ್ಲದೆ ನಮ್ಮಲ್ಲಿ ಕೊಡುವುದು ಸಾವಿನ ಮನೆಯಲ್ಲಿ ಮಾತ್ರ ಎಂಬುದು ಮಕ್ಕಳಿಗೂ ಗೊತ್ತು. ಪಂದ್ಯಕ್ಕೆ ಹೊರಟ ಹುಡುಗರ ಕೈಗೆ ನಾನು ಅದನ್ನೇ ಕೊಟ್ಟಿದ್ದೆ. ಡಬಲ್ ವಿಷಯ ಅರ್ಧ ಗಂಟೆಯಲ್ಲಿ ತಾನಾಗಿ ಹೊರಬಿತ್ತು, ಆದರೆ ಅದಕ್ಕಿಂತ ಆ ರೂಪಾಯಿಯೇ ಅವರಿಗೆ ಹೆಚ್ಚು ಚುಚ್ಚಿತ್ತು.

ಆ ದಿನದ ಆಟವನ್ನು ಹೇಗೆ ವರ್ಣಿಸಲಿ. ಆರೋಗ್ಯರಾಜ್ ಎದುರಾಳಿಯ ಗೋಲಿನ ಮುಂದೆ ಕೈ ಎತ್ತಿಕೊಂಡು, ಕೊನೆಯ ಬಸ್ಸಿಗೆ ಕಾದವನ ಹಾಗೆ ನಿಂತಿದ್ದ. ಬಸ್ಸು ಬರಲಿಲ್ಲ. ಮಾದೇಶ ಚೆಂಡನ್ನು ಎಡಕ್ಕೆ ಕೊಟ್ಟ, ಬಲಕ್ಕೆ ಕೊಟ್ಟ, ಹಿಂದಕ್ಕೆ ಸಿದ್ದರಾಜುವಿಗೂ ಕೊಟ್ಟ, ಒಂದು ಸಲ ಎದುರಾಳಿಗೇ ಕೊಟ್ಟ. ಮುಂದೆ ಮಾತ್ರ ಕೊಡಲಿಲ್ಲ. ಯಾಕಯ್ಯ ಎಂದು ನಾನು ಗೆರೆಯ ಆಚೆಯಿಂದ ಕೂಗಿದರೆ, "ಡಬಲ್ ತಕಂಡೋನು ಡಬಲ್ ಓಡ್ಲಿ ಸಾ, ಬಂದು ತಕಂಡೋಗ್ಲಿ," ಎಂದ. ನಾವು ಸೋತೆವು. ಸೋತ ಮೇಲೆ ಎಲ್ಲರಿಗೂ ಎಲ್ಲರ ಮೇಲೂ ಅನುಮಾನ. ಹನೂರಿನವರು ಮಾದೇಶನಿಗೆ ಏನೋ ಕೊಟ್ಟಿದ್ದಾರೆ ಎಂದು ಸಾಹುಕಾರರಿಗೆ. ಇನ್ನೂ ಎಷ್ಟು ಜನಕ್ಕೆ ಗುಟ್ಟಾಗಿ ಡಬಲ್ ಹೋಗುತ್ತಿದೆ ಎಂದು ಮಾದೇಶನಿಗೆ. ಮಾದೇಶನಿಗೇ ಹೋಗುತ್ತಿರಬೇಕು ಎಂದು ಸಿದ್ದರಾಜುವಿಗೆ. ಇಷ್ಟೊಂದು ಅನುಮಾನಗಳ ನಡುವೆ ನನ್ನದಕ್ಕೆ ಜಾಗವೇ ಇರಲಿಲ್ಲ, ಆದರೂ ನಾನೂ ಒಂದೆರಡು ಪಟ್ಟೆ.

ಶಿವಮಲ್ಲಪ್ಪನವರು ಮಾತು ಬೆಳೆಸಲಿಲ್ಲ. "ಯಳಂದೂರಲ್ಲಿ ಇನ್ನೊಂದ್ ಟೂರ್ನಿ ಅದೆಯಲ್ಲಾ ಮೇಷ್ಟ್ರೇ, ಅಲ್ಲೂ ಮೊದ್ಲ ಆಟ್ದಲ್ಲೇ ಸೋತ್ರೆ ಆ ಬಾಲಿನ್ ಗಾಳಿ ತಗುದ್ಬುಡಿ. ನಂಗೂ ಸಾಕಾಯ್ತು," ಎಂದರು. ಅಂದರೆ ಕ್ಲಬ್ಬು ಮುಚ್ಚಿದಂತೆ. ಫುಟ್‌ಬಾಲ್ ಅರ್ಥವಾಗದ ನನಗೆ ಅದರಿಂದ ಸಂತೋಷವಾಗಬೇಕಿತ್ತು. ಆಗಲಿಲ್ಲ. ಸಂಜೆ ಶಾಲೆ ಬಿಟ್ಟ ಮೇಲೆ ಆ ಮೈದಾನದ ಧೂಳಿನಲ್ಲಿ ನಿಂತು, ದಿನವಿಡೀ ದುಡಿದು ಬಂದ ಹುಡುಗರು ಅರಚುತ್ತ ಓಡುವುದನ್ನು ನೋಡುವುದು ನನಗೆ ಯಾವಾಗಲೋ ಅಭ್ಯಾಸವಾಗಿಬಿಟ್ಟಿತ್ತು.

ನನ್ನ ಹೆಂಡತಿ ಗಿರಿಜಾಗೆ ಎಲ್ಲ ಹೇಳಿಕೊಂಡೆ. ಅವಳು ಅವರೆಕಾಯಿ ಸುಲಿಯುತ್ತಿದ್ದವಳು ತಲೆ ಎತ್ತಲಿಲ್ಲ. "ಅಲ್ಲಾ ರೀ, ಪಂಕ್ತೀಲಿ ಎಲ್ರನ್ನೂ ಕೂರ್ಸಿ ಒಬ್ಬನ ಎಲೆಗೆ ಮಾತ್ರ ತುಪ್ಪ ಹಾಕುದ್ರೆ ಮಿಕ್ಕೋರು ಊಟ ಮಾಡ್ತಾರಾ? ಅವನಿಗೂ ಆ ತುಪ್ಪ ಗಂಟಲಲ್ಲಿ ಇಳಿಯುತ್ತಾ?" ಎಂದಳು. ಆಮೇಲೆ, "ಅದಿರ್ಲಿ, ಬೀರುವಿನಲ್ಲಿದ್ದ ಮುಯ್ಯಿ ಕವರು ನಿಮ್ಗೆ ಯಾರು ಮುಟ್ಟಕ್ಕೆ ಹೇಳಿದ್ದು?" ಎಂದಳು. ಮೊದಲನೆಯ ಮಾತು ನನಗೆ ಹಿಡಿಸಿತು. ಎರಡನೆಯದು ಮುಗಿಯುವಷ್ಟರಲ್ಲಿ ಎದ್ದೆ.

ಸಾಹುಕಾರರು ಯಳಂದೂರಿಗೆ ಹನೂರಿನಷ್ಟೇ ದುಡ್ಡು ಕೊಟ್ಟರು. ನಾನು ಎಲ್ಲರಿಗೂ ಸಮ ಪಾಲು ಮಾಡಿದೆ. ಆರೋಗ್ಯರಾಜನ ಹೆಚ್ಚಿನ ಪಾಲನ್ನು ಬೇರೆ ತೆಗೆದು, ಪಂದ್ಯ ಮುಗಿದ ಮೇಲೆ ಸಾಹುಕಾರರಿಗೆ ಹಿಂದಿರುಗಿಸೋಣ ಎಂದು ನನ್ನ ಜೇಬಿನಲ್ಲಿಟ್ಟುಕೊಂಡೆ. ಇನ್ನು ರೂಪಾಯಿ ನಾಣ್ಯಗಳು. ಎಲ್ಲರೂ ಫೋನಿನಲ್ಲೇ ದುಡ್ಡು ಕೊಡುವ ಈ ಕಾಲದಲ್ಲಿ ಚಿಲ್ಲರೆ ಇರುವುದು ದೇವರ ಹುಂಡಿಯಲ್ಲಿ ಮಾತ್ರ. ಹೂವಿನವಳನ್ನು, ಕಂಡಕ್ಟರನ್ನು ಕಾಡಿ ಬೇಡಿ ಕೂಡಿಸಿದೆ. ಗಂಡ ಹೆಂಡತಿ ಇಬ್ಬರೂ ನಡುಮನೆಯಲ್ಲಿ ಕೂತು ಗೋಂದಿನಲ್ಲಿ ಅಂಟಿಸಿದೆವು. ಆರೋಗ್ಯರಾಜನಿಗೆ ಮೊದಲೇ ಫೋನ್ ಮಾಡಿ, ಈ ಸಲ ಡಬಲ್ ಇಲ್ಲಪ್ಪ, ಎಲ್ಲರ ಸಮ ಎಂದೆ. ಕೂಗಾಡುತ್ತಾನೆ ಎಂದುಕೊಂಡಿದ್ದೆ. "ಪರವಾಗಿಲ್ಲೆ ಸಾ. ಬಾಲ್ ಕೊಟ್ರೆ ಪೋದುಂ," ಎಂದ. ಚೆಂಡು ಕೊಟ್ಟರೆ ಸಾಕಂತೆ. ಇಷ್ಟು ಸುಲಭವಾಗಿ ಒಪ್ಪಿದನಲ್ಲ, ಇದರ ಹಿಂದೆ ಏನೋ ಇದೆ ಎಂದು ನನಗೆ ಅನ್ನಿಸಿತು. ಏನೂ ಇರಲಿಲ್ಲ. ಆಡಬೇಕು ಎನ್ನುವವನಿಗೆ ಚೆಂಡೇ ಸಿಗದಿದ್ದರೆ ಎಷ್ಟು ನೋವಾಗುತ್ತದೆ ಎಂಬುದು ನನ್ನಂಥವನ ತಲೆಗೆ ತಡವಾಗಿ ಹೋಗುತ್ತದೆ.

ಯಳಂದೂರಿನ ಮೈದಾನದ ಅಂಚಿನಲ್ಲಿ, ಹೊಂಗೆ ಮರದ ಕೆಳಗೆ ಎಲ್ಲರನ್ನೂ ಸಾಲಾಗಿ ಕೂರಿಸಿ, ನಿಜವಾಗಿಯೂ ಪಂಕ್ತಿಯಲ್ಲಿ ಬಡಿಸುವವನ ಹಾಗೆ ಕವರು ಹಂಚಿದೆ. ಇಲ್ಲೇ ತೆಗೆದು ನೋಡಿಕೊಳ್ಳಿ, ಪಕ್ಕದವನದನ್ನೂ ನೋಡಿಕೊಳ್ಳಿ ಎಂದೆ. ನೋಡಿಕೊಂಡರು. ಎಲ್ಲರಿಗೂ ಸಮ, ಎಲ್ಲರಿಗೂ ರೂಪಾಯಿ. ಮಾದೇಶ ಆರೋಗ್ಯರಾಜನಿಗೆ ಒಂದು ಬಾಳೆಹಣ್ಣು ಕೊಟ್ಟು, "ತಿನ್ಲಾ," ಎಂದ. ಅವನು ತಿಂದ. ನನಗೆ ಕಣ್ಣು ತುಂಬಿ ಬಂತು. ಆ ಬಾಳೆಹಣ್ಣು ಮುಗಿಯುವವರೆಗೆ ನಮ್ಮ ತಂಡದಲ್ಲಿ ಪೂರ್ತಿ ಶಾಂತಿ ಇತ್ತು.

ಆಮೇಲೆ ಸಿದ್ದರಾಜು ಗ್ಲೌಸ್ ಹಾಕಿಕೊಳ್ಳುತ್ತ ಕೇಳಿದ. "ಅಲ್ಲಾ ಸಾ, ಸಾವ್ಕಾರ್ರು ಹನೂರಿನಷ್ಟೇ ಕೊಟ್ಟವ್ರೆ ಅಂತ ಅವ್ರ್ ಡ್ರೈವರ್ ಅಂದ. ಆರೋಗ್ಯಂದು ಕುಯ್ದ್ರಲ್ಲಾ, ಅದು ಎಲ್ಲೋಯ್ತು?"

ಸಾಲಾಗಿ ಕೂತ ಅಷ್ಟೂ ತಲೆಗಳು ನನ್ನ ಕಡೆ ತಿರುಗಿದವು. ಆರೋಗ್ಯರಾಜನದೂ ಸೇರಿ. ಮೊದಲು ನನ್ನ ಮುಖ ನೋಡಿದರು, ಆಮೇಲೆ ನಿಧಾನವಾಗಿ ನನ್ನ ಕಾಲು ನೋಡಿದರು. ಅವತ್ತು ನಾನು, ಖಜಾಂಚಿ ಎಂದ ಮೇಲೆ ಮೈದಾನದಲ್ಲಿ ಚಪ್ಪಲಿ ಎಳೆದುಕೊಂಡು ಓಡಾಡಬಾರದು ಎಂದು, ಸ್ವಂತ ಸಂಬಳದಲ್ಲಿ ಕೊಂಡ ಹೊಸ ಬಿಳೀ ಶೂ ಹಾಕಿಕೊಂಡು ಹೋಗಿದ್ದೆ.

"ಚೆನ್ನಾಗವೆ ಸಾ, ಶೂ," ಎಂದ ಮಾದೇಶ.

ದುಡ್ಡು ನನ್ನ ಜೇಬಿನಲ್ಲೇ ಇತ್ತು. ತೆಗೆದು ತೋರಿಸೋಣ ಎಂದು ಕೈ ಹಾಕಿದೆ, ಹಾಕುತ್ತಲೇ ಖಾಲಿ ಕೈಯನ್ನು ವಾಪಸು ತೆಗೆದೆ. ಎಲ್ಲಿದೆ ಎಂದು ಕೇಳಿದ ದುಡ್ಡನ್ನು ಸ್ವಂತ ಜೇಬಿನಿಂದ ತೆಗೆದು ತೋರಿಸುವವನನ್ನು ಏನೆನ್ನುತ್ತಾರೆ? ಅಷ್ಟರಲ್ಲಿ ರೆಫರಿ ಸೀಟಿ ಊದಿದ. ಎಲ್ಲರೂ ನನ್ನನ್ನು ಇನ್ನೊಮ್ಮೆ ನೋಡಿ ಎದ್ದು ಹೋದರು.

ಅವತ್ತಿನ ಆಟದ ಹಾಗೆ ಗುಡ್ಡದಡಿಯವರು ಹಿಂದೆಂದೂ ಆಡಿರಲಿಲ್ಲ. ಚೆಂಡು ಒಬ್ಬನಿಂದ ಇನ್ನೊಬ್ಬನಿಗೆ, ಅವನಿಂದ ಮಾದೇಶನಿಗೆ, ಮಾದೇಶನಿಂದ ನೇರ ಆರೋಗ್ಯರಾಜನಿಗೆ ಹೋಯಿತು. ನಿಂತಲ್ಲೇ ನಿಲ್ಲುತ್ತಿದ್ದವನು ಓಡಿದ. ಗೋಲು ಬಿದ್ದಾಗ ಸಿದ್ದರಾಜು ತನ್ನ ಜಾಗ ಬಿಟ್ಟು ಇಡೀ ಮೈದಾನ ದಾಟಿ ಬಂದು ಆರೋಗ್ಯರಾಜನನ್ನು ಭತ್ತದ ಮೂಟೆಯ ಹಾಗೆ ಹೆಗಲ ಮೇಲೆ ಹಾಕಿಕೊಂಡ. ಇದು ಸಮಪಾಲಿನ ಮಹಿಮೆ ಎಂದು ನಾನು ಹಿಗ್ಗಿದೆ. ಆದರೆ ನೀರು ಕುಡಿಯಲು ಬಂದಾಗಲೆಲ್ಲ ಅವರು ಗುಂಪಾಗಿ ತಲೆ ಕೂಡಿಸಿ ಪಿಸುಗುಟ್ಟುತ್ತಿದ್ದರು, ನಾನು ಹತ್ತಿರ ಹೋದರೆ ಸುಮ್ಮನಾಗುತ್ತಿದ್ದರು. ಆಗ ಅರ್ಥವಾಯಿತು. ಅವರು ಒಬ್ಬರನ್ನೊಬ್ಬರು ಅನುಮಾನಿಸುವುದನ್ನು ಬಿಟ್ಟಿದ್ದರು. ಅಷ್ಟೂ ಅನುಮಾನವನ್ನು ಒಟ್ಟುಗೂಡಿಸಿ ನನ್ನೊಬ್ಬನ ಮೇಲೆ ಹಾಕಿದ್ದರು. ಒಂದು ತಂಡ ಗೆಲ್ಲಬೇಕಾದರೆ ಎಲ್ಲರಿಗೂ ಸಮ ಸಂಬಳವಿದ್ದರೆ ಸಾಲದು, ಎಲ್ಲರಿಗೂ ಸಮನಾಗಿ ಗುಮಾನಿ ಬರುವ ಒಬ್ಬ ಖಜಾಂಚಿಯೂ ಬೇಕು.

ಗೆದ್ದೆವು. ಕ್ಲಬ್ಬು ಉಳಿಯಿತು. ನಾನು ಹೆಚ್ಚಿನ ದುಡ್ಡನ್ನು ಅವತ್ತೇ ಶಿವಮಲ್ಲಪ್ಪನವರ ಕೈಗೆ ಕೊಟ್ಟೆ. ಹುಡುಗರಿಗೆ ಹೇಳಲಿಲ್ಲ. ಹೇಳಿದರೆ ನನ್ನ ಮರ್ಯಾದೆ ಉಳಿಯುತ್ತಿತ್ತು, ತಂಡ ಮತ್ತೆ ಒಡೆಯುತ್ತಿತ್ತು. ಕಳ್ಳನೆಂದರೆ ಅನ್ನಲಿ, ಚೆಂಡು ಮುಂದೆ ಹೋದರೆ ಸಾಕು ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ. ನನ್ನ ತ್ಯಾಗಕ್ಕೆ ನಾನೇ ಮರುಗುತ್ತ, ಆ ಶೂವನ್ನು ಮಾತ್ರ ಮತ್ತೆ ಮೈದಾನಕ್ಕೆ ಹಾಕಲಿಲ್ಲ. ಜುಜುಬಿ ರೂಪಾಯಿಗಾಗಿ ಮುನಿಸಿಕೊಳ್ಳುವ ಮನುಷ್ಯರ ಸಣ್ಣತನದ ಬಗ್ಗೆ ಗಿರಿಜಾಗೆ ಎರಡು ಮೂರು ಸಲ ಉಪನ್ಯಾಸವನ್ನೂ ಕೊಟ್ಟೆ.

ಕೆಲವು ದಿನಗಳಾದ ಮೇಲೆ ಸಾಹುಕಾರರು ಕುಂತೂರಿಗೆ ಕರೆಸಿಕೊಂಡರು. "ಭಾಳ ಓಡಾಡಿದ್ರಿ ಮೇಷ್ಟ್ರೇ, ಬ್ಯಾಡ ಅನ್ಬೇಡಿ," ಎಂದು ಒಂದು ಕವರನ್ನು ಜೇಬಿಗೆ ತುರುಕಿದರು. ನಾನು ಬೇಡ ಎಂದೆ, ಆದರೆ ಜೇಬನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ವಾಪಸು ಬರುವಾಗ ಕಬ್ಬಿನ ಟ್ರ್ಯಾಕ್ಟರೊಂದಕ್ಕೆ ದಾರಿ ಬಿಟ್ಟು ಸ್ಕೂಟರನ್ನು ಪಕ್ಕಕ್ಕೆ ನಿಲ್ಲಿಸಿದೆ. ಕೈ ತಾನಾಗಿ ಜೇಬಿಗೆ ಹೋಯಿತು. ಒಳಗೆ ಎಷ್ಟಿದೆ ಎಂದು ನೋಡಲಿಲ್ಲ. ಹೆಬ್ಬೆರಳಿನಲ್ಲಿ ಕವರಿನ ನಾಲ್ಕು ಮೂಲೆಯನ್ನೂ ತಡವಿದೆ. ತೆಗೆದು ಹಿಂದೆ ಮುಂದೆ ತಿರುಗಿಸಿದೆ. ಸಾದಾ, ಬಿಳೀ ಕವರು. ರೂಪಾಯಿ ಇರಲಿಲ್ಲ.

ಟ್ರ್ಯಾಕ್ಟರು ದಾಟಿಹೋಗಿ ಧೂಳು ಅಡಗಿದರೂ ನಾನು ಅಲ್ಲೇ ನಿಂತಿದ್ದೆ. ಕೊನೆಗೆ ತಡೆಯಲಾರದೆ ಮಾದೇಶನಿಗೆ ಫೋನ್ ಮಾಡಿ, ಆದಷ್ಟು ಹಗುರವಾಗಿ, "ಸಾಹುಕಾರರು ನಿಮಗೆಲ್ಲ ಏನಾದರೂ ಕವರು ಕೊಟ್ಟರೇನಯ್ಯ? ಅದರ ಮೇಲೆ ರೂಪಾಯಿ ಇತ್ತಾ?" ಎಂದು ಕೇಳಿದೆ.

ಅತ್ತ ಕಡೆ ಅವನು ಆಟೋ ಎಂಜಿನ್ನು ಆರಿಸಿದ್ದು ಕೇಳಿಸಿತು. ಆಮೇಲೆ ಬಹಳ ಎಚ್ಚರಿಕೆಯಿಂದ, "ಯಾಕ್ ಸಾ?" ಎಂದ.