ಅಕ್ಕನ ಹಾಡಿಗೆ ಅರ್ತಿಂಗ್

ಕಂಪ್ಯೂಟರಿನ ಬಗ್ಗೆ ನನಗೆ ಏನೂ ಗೊತ್ತಿಲ್ಲ ಎಂಬ ಸತ್ಯವನ್ನು ನಾನು ಈವರೆಗೆ ಯಾರಲ್ಲೂ ಹೇಳಿಕೊಂಡಿಲ್ಲ. ಮುಚ್ಚಿಡಬೇಕೆಂದಲ್ಲ, ಯಾರೂ ಕೇಳಲಿಲ್ಲ. ನಾನು ಹೈಸ್ಕೂಲಿನಲ್ಲಿ ಹಿಂದಿ ಮಾಷ್ಟ್ರು. ಅಜ್ಜಾವರದ ನಮ್ಮ ಮನೆಯಲ್ಲಿ ಒಂದು ಕಂಪ್ಯೂಟರು, ಅದರ ಬಗಲಿಗೆ ಒಂದು ಪ್ರಿಂಟರು ಇವೆ. ಊರಿನವರಿಗೆ ಇಷ್ಟು ಸಾಕಾಯಿತು, ಉಳಿದದ್ದನ್ನು ಅವರೇ ತೀರ್ಮಾನಿಸಿಬಿಟ್ಟರು. ಮಗಳ ಆನ್‌ಲೈನ್ ಪಾಠಕ್ಕೆಂದು ತಂದ ಆ ಯಂತ್ರ ಈಗ ಜಮೀನಿನ ಆರ್‌ಟಿಸಿ ತೆಗೆಯುತ್ತದೆ, ಜಾತಕ ಹಾಕುತ್ತದೆ, ಗೃಹಪ್ರವೇಶದ ಕಾಗದ ಅಚ್ಚು ಮಾಡುತ್ತದೆ, ಪಿಯುಸಿ ಫಲಿತಾಂಶ ನೋಡಿ ಒಬ್ಬರನ್ನು ನಗಿಸಿ ಇನ್ನೊಬ್ಬರನ್ನು ಅಳಿಸುತ್ತದೆ. ಅದರ ಪರದೆಯ ಮೇಲೆ ‘ಹೊಸತು’, ‘ಹೊಸತು ಎರಡು’, ‘ಕೊನೆಯದ್ದು’, ‘ಇದೇ ಕೊನೆಯದ್ದು’ ಎಂಬ ಹೆಸರಿನ ಕಡತಗಳು ಬಿದ್ದುಕೊಂಡಿವೆ. ಯಾವುದರೊಳಗೆ ಏನಿದೆ ಎಂದು ನನಗೆ ಗೊತ್ತಿಲ್ಲ. ಅಳಿಸಲು ಧೈರ್ಯವೂ ಇಲ್ಲ.

ಇಂಥ ಕಂಪ್ಯೂಟರಿನ ಎದುರು ಒಂದು ಭಾನುವಾರ ನನ್ನ ಅಕ್ಕ ಬಂದು ಕೂತಳು. ಅಕ್ಕನ ಹೆಸರು ಜಯಂತಿ. ನನಗಿಂತ ಆರು ವರ್ಷ ದೊಡ್ಡವಳು. ಸುಳ್ಯ ಪೇಟೆಯ ತನ್ನ ಮನೆಯಲ್ಲಿ ಪ್ರತಿ ಶನಿವಾರ ಮಕ್ಕಳಿಗೆ ಹಾಡು ಕಲಿಸುತ್ತಾಳೆ. ಅವಳ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತ್ತು. ಥೈರಾಯ್ಡಿನದ್ದು, ಭಯಪಡುವಂಥದ್ದಲ್ಲ, ಆದರೆ ತೆಗೆಯಲೇಬೇಕು ಎಂದು ಮಂಗಳೂರಿನ ಡಾಕ್ಟರು ಹೇಳಿದ್ದರು. ಸ್ವರದ ನರ ಅದರ ಪಕ್ಕದಲ್ಲೇ ಹಾದುಹೋಗುವುದರಿಂದ ಆಮೇಲೆ ಧ್ವನಿ ಹೇಗಿರುತ್ತದೆ ಎಂದು ಈಗಲೇ ಹೇಳಲಾಗುವುದಿಲ್ಲ ಎಂದೂ ಹೇಳಿದ್ದರು. ಆಪರೇಷನ್ನಿಗೆ ಹನ್ನೆರಡು ದಿನ ಉಳಿದಿತ್ತು.

“ಅಮ್ಮನ ಹಾಡುಗಳು ಒಂದು ಹದಿನೈದು ಉಂಟು. ಎಣ್ಣೆ ಹಚ್ಚುವಾಗಿನದ್ದು, ಹಸೆಗೆ ಕರೆಯುದು, ಹೆಣ್ಣು ಒಪ್ಪಿಸುದು. ಯಾವ ಪುಸ್ತಕದಲ್ಲಿಯೂ ಇಲ್ಲ. ನನ್ನ ಬಾಯಲ್ಲಿ ಮಾತ್ರ ಇರುದು,” ಎಂದಳು ಅಕ್ಕ. “ನಿನ್ನ ಕಂಪ್ಯೂಟರಿನಲ್ಲಿ ತೆಗೆದಿಡ್ಲಿಕ್ಕೆ ಆಗ್ತದಾ?”

ಅವಳು ನನ್ನಲ್ಲಿ ಏನನ್ನಾದರೂ ಕೇಳಿದ್ದು ಅದೇ ಮೊದಲು. ನಾನು ಎದೆಯುಬ್ಬಿಸಿ “ಅದೆಂತ ದೊಡ್ಡ ವಿಷಯ” ಎಂದೆ. ಅವಳು ಹೋದ ಮೇಲೆ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಅಮ್ಮ ಹೋಗಿ ಒಂಬತ್ತು ವರ್ಷವಾಯಿತು. ಅಕ್ಕನ ಸ್ವರವೂ ಹೋದರೆ ನಮ್ಮ ಮನೆಯ ಮದುವೆಗಳಲ್ಲಿ ಇನ್ನು ಬ್ಯಾಂಡಿನವರು ಮಾತ್ರ ಎಂದು ಹೊಳೆಯಿತು.

“ಮೊಬೈಲಿನಲ್ಲಿ ಮಾಡಿದರೆ ಆಗುದಿಲ್ವಾ?” ಎಂದು ನನ್ನ ಹೆಂಡತಿ ಸುಮತಿ ಕೇಳಿದಳು. ಅವಳ ಪ್ರಶ್ನೆಗಳು ಯಾವಾಗಲೂ ಹೀಗೆ, ಸರಿಯಾಗಿಯೇ ಇರುತ್ತವೆ. ಆದರೆ ಮೊಬೈಲಿನಲ್ಲಿ ಮಾಡುವುದಾದರೆ ಅಕ್ಕ ನನ್ನ ಬಳಿಗೆ ಬರುವ ಅಗತ್ಯವೇನಿತ್ತು? ನಾನು ಮೂರು ದಿನ ವಿಡಿಯೋಗಳನ್ನು ನೋಡಿದೆ. ಮನೆಯಲ್ಲೇ ಸ್ಟುಡಿಯೋ ಮಾಡುವುದು ಹೇಗೆಂದು ಒಬ್ಬ ಯುವಕ ಹಿಂದಿಯಲ್ಲಿ ವಿವರಿಸುತ್ತಿದ್ದ. ನಾನು ಹಿಂದಿ ಮಾಷ್ಟ್ರಾದ್ದರಿಂದ ಅವನ ಹಿಂದಿ ಪೂರ್ತಿ ಅರ್ಥವಾಯಿತು, ವಿಷಯ ಅರ್ಥವಾಗಲಿಲ್ಲ. ಎರಡು ಕಡೆ ಅವನ ವ್ಯಾಕರಣದಲ್ಲಿ ಲಿಂಗ ತಪ್ಪಿದ್ದನ್ನು ಮಾತ್ರ ಗುರುತು ಹಾಕಿಕೊಂಡೆ. ಅಂತೂ ಪುತ್ತೂರಿಗೆ ಹೋಗಿ ಒಂದು ಮೈಕು, ಅದಕ್ಕೊಂದು ಕಾಲು, ಕಿವಿಗೆ ಹೆಡ್‌ಫೋನು, ಮೈಕಿಗೂ ಕಂಪ್ಯೂಟರಿಗೂ ನಡುವೆ ಮಧ್ಯಸ್ಥನಂತೆ ಕೂರುವ ಒಂದು ಕೆಂಪು ಪೆಟ್ಟಿಗೆ, ಇಷ್ಟನ್ನು ತಂದೆ. ಮಗಳು ಓದುವ ಕೋಣೆಯನ್ನು ಖಾಲಿ ಮಾಡಿಸಿ ಗೋಡೆಗಳಿಗೆ ಹಾಸಿಗೆ, ಕಂಬಳಿ, ಅಡಿಕೆ ತುಂಬಿಸುವ ಗೋಣಿಗಳನ್ನು ನೇತುಹಾಕಿದೆ. ನೋಡಿದವರು ಮನೆಯಲ್ಲಿ ಯಾರಿಗೋ ಬಾಣಂತನ ಎಂದುಕೊಂಡರು.

ಕಂಪ್ಯೂಟರಿನ ಸಿಪಿಯು ಒಳಗೆ ಫ್ಯಾನಿನ ಸದ್ದು ಮಾಡುತ್ತದೆಂದು ಅದನ್ನು ಜಗಲಿಯಲ್ಲಿ ಸ್ಟೂಲಿನ ಮೇಲಿಟ್ಟು ವಯರುಗಳನ್ನು ಕಿಟಕಿಯ ಸರಳಿನೊಳಗಿಂದ ಎಳೆದುಕೊಂಡೆ. ಈ ಏರ್ಪಾಡು ಎಷ್ಟು ಚೆನ್ನಾಗಿತ್ತೆಂದರೆ, ಪಕ್ಕದ ತೋಟದ ಶೀನಪ್ಪಣ್ಣ ಮೊದಲ ದಿನವೇ ಬಂದು, “ಓ, ಜನರಿಗೆ ಅನುಕೂಲ ಆಗ್ಲಿ ಅಂತ ಹೊರಗೇ ಇಟ್ಟದ್ದಾ? ಒಳ್ಳೆದಾಯ್ತು ಮಾಷ್ಟ್ರೇ, ಒಂದು ಆರ್‌ಟಿಸಿ ಬೇಕಿತ್ತು,” ಎಂದು ಸ್ಟೂಲಿನ ಪಕ್ಕ ಕುಕ್ಕರಗಾಲಲ್ಲಿ ಕೂತರು. ಒಳಗೆ ಅಕ್ಕ ಆಗಷ್ಟೇ ಕಣ್ಣು ಮುಚ್ಚಿ ಹಸೆಗೆ ಕರೆಯಲು ಶುರುಮಾಡಿದ್ದಳು. ಹಾಡಿನ ಆ ಪ್ರತಿಯಲ್ಲಿ ಮದುಮಗಳು ಹಸೆಗೆ ಬರುವ ಹೊತ್ತಿಗೆ ಶೀನಪ್ಪಣ್ಣನ ಸರ್ವೆ ನಂಬರೂ ಬರುತ್ತದೆ.

ನಾನು ಹೆಡ್‌ಫೋನು ಹಾಕಿಕೊಂಡು ಮೈಕಿನ ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ. ಅಕ್ಕ ಹಾಡುವುದನ್ನು ಹೀಗೆ ಪಕ್ಕದಲ್ಲಿ ಕೂತು ಕೇಳದೆ ನನಗೆ ಎಷ್ಟೋ ವರ್ಷವಾಗಿತ್ತು. ಅವಳು ಹಾಡುವುದು ಕತೆ ಹೇಳುವ ಧಾಟಿಯಲ್ಲಿ. ಒಂದು ಸಾಲು ಮುಗಿಸಿ ಅರೆಕ್ಷಣ ನಿಲ್ಲುತ್ತಾಳೆ, ಆಮೇಲೆ ಮುಂದಿನದು. ಸಣ್ಣವರಿದ್ದಾಗ ಅಂಗಳದಲ್ಲಿ ಒಣಗಲು ಹಾಕಿದ ಹಲಸಿನ ಹಪ್ಪಳಕ್ಕೆ ಕಾಗೆ ಬಾರದಂತೆ ಕಾಯುವ ಕೆಲಸ ನಮ್ಮಿಬ್ಬರದು. ಮಧ್ಯಾಹ್ನದ ಬಿಸಿಲಿಗೆ ನನಗೆ ನಿದ್ದೆ ಬಾರದಿರಲೆಂದು ಅಕ್ಕ ಕತೆ ಹೇಳುತ್ತಿದ್ದಳು. ಒಂದು ಷರತ್ತಿತ್ತು: ಪ್ರತಿ ಮಾತಿಗೂ ನಾನು ಹ್ಞೂಂ ಎನ್ನಬೇಕು. ಎನ್ನದಿದ್ದರೆ ರಾಜಕುಮಾರ ಬಾವಿಯೊಳಗೆ ಅರ್ಧಕ್ಕೇ ನೇತಾಡುತ್ತ ಉಳಿಯುತ್ತಿದ್ದ. ನಾನು ಎಷ್ಟು ರಾಜಕುಮಾರರನ್ನು ನಿದ್ದೆಯಲ್ಲಿ ಬಾವಿಯಲ್ಲೇ ಬಿಟ್ಟಿದ್ದೇನೋ ಲೆಕ್ಕವಿಲ್ಲ. ಹಪ್ಪಳವನ್ನಂತೂ ಕಾಗೆಗಳು ಬಿಡುತ್ತಿರಲಿಲ್ಲ.

ಇರಲಿ. ತೊಂದರೆ ಶುರುವಾದದ್ದು ಎರಡನೆಯ ದಿನ. ಅಕ್ಕನನ್ನು ಬಸ್ಸು ಹತ್ತಿಸಿ ಬಂದು, ತೆಗೆದ ಹಾಡುಗಳನ್ನು ಹೆಡ್‌ಫೋನಿನಲ್ಲಿ ಕೇಳಿದೆ. ಸ್ವರ ಹಾಲಿನ ಹಾಗೆ ಬಂದಿತ್ತು. ಆದರೆ ಪ್ರತಿ ಸಾಲಿನ ಕೊನೆಗೆ ಅಡಿಯಲ್ಲೆಲ್ಲೋ ಒಂದು ಮಂದ್ರವಾದ, ಗಂಟಲಿಗೂ ಮೂಗಿಗೂ ನಡುವಿನ ಸದ್ದು. ಒಮ್ಮೆ ಬಂದು ನಿಲ್ಲುತ್ತದೆ. ಮುಂದಿನ ಸಾಲು ಮುಗಿದೊಡನೆ ಪುನಃ ಬರುತ್ತದೆ. ಸುಮತಿಯ ಕಿವಿಗೂ ಇಟ್ಟೆ. “ಈ ಶಬ್ದ ನಾನು ದಿನಾ ಕೇಳಿದ ಹಾಗೆ ಉಂಟು,” ಎಂದಳು. ಇನ್ವರ್ಟರಿನದ್ದಿರಬೇಕು ಎಂದು ನಾನು ಅವಳಿಗೆ ತಿಳಿಸಿ ಹೇಳಿದೆ.

ಮರುದಿನ ಇನ್ವರ್ಟರು ಆರಿಸಿ ಹಾಡಿಸಿದೆ. ಸದ್ದು ಇತ್ತು. ಫ್ರಿಜ್ಜು ಆರಿಸಿದೆ, ಸದ್ದು ಇತ್ತು, ಹಾಲು ಮಾತ್ರ ಒಡೆಯಿತು. ನಾಯಿಯನ್ನು ತೋಟದ ಕೊನೆಗೆ ಕಟ್ಟಿದೆ. ಖಾಲಿ ಕೋಣೆಯನ್ನು ರೆಕಾರ್ಡು ಮಾಡಿ ನೋಡಿದರೆ ಸದ್ದೇ ಇಲ್ಲ. ಅಕ್ಕ ಹಾಡಿದಾಗ ಮಾತ್ರ! ಕೊನೆಗೆ ಜಾಲ್ಸೂರಿನಿಂದ ಎಲೆಕ್ಟ್ರಿಷಿಯನ್ ವಸಂತನನ್ನು ಕರೆಸಿದೆ. ಅವನು ಹೆಡ್‌ಫೋನು ಹಾಕಿಕೊಂಡು ಕಣ್ಣು ಮುಚ್ಚಿ ಮೂರು ಹಾಡು ಪೂರ್ತಿ ಕೇಳಿದ. “ಒಳ್ಳೆ ಸ್ವರ ಮಾಷ್ಟ್ರೇ ಅಕ್ಕನದ್ದು,” ಎಂದ. ಮತ್ತೆ ಕಸುಬಿಗೆ ತಕ್ಕ ಮುಖ ಮಾಡಿಕೊಂಡು, “ಇದು ಲೋಡು ಬಿದ್ದಾಗ ಬರುದು. ಅರ್ತಿಂಗ್ ವೀಕ್ ಉಂಟು. ವಯರು ನೆಲಕ್ಕೆ ಇಳಿಸಿದ ಹೊಂಡಕ್ಕೆ ಉಪ್ಪು, ಇದ್ದಿಲು ಹಾಕಿ ದಿನಾ ಎರಡು ಕೊಡಪಾನ ನೀರು ಹೊಯ್ಯಿರಿ,” ಎಂದ.

ನಾನು ಹೊಯ್ದೆ. ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು, ಸಂಜೆ ಬಂದ ಕೂಡಲೇ, ತುಳಸಿಗೆ ಎರೆಯುವಷ್ಟೇ ಶ್ರದ್ಧೆಯಿಂದ ಎರೆದೆ. ಹೊಂಡದ ಪಕ್ಕದಲ್ಲಿದ್ದ ಸುಮತಿಯ ಬಸಳೆ ಚಪ್ಪರ ಉಪ್ಪಿನ ನೀರಿಗೆ ನಾಲ್ಕೇ ದಿನದಲ್ಲಿ ಕಮರಿತು. ಸದ್ದಿಗೆ ಏನೂ ಆಗಲಿಲ್ಲ.

ಆಪರೇಷನ್ನಿಗೆ ಎರಡು ದಿನ ಇರುವಾಗ ನನ್ನ ತಾಳ್ಮೆ ತಪ್ಪಿತು. ಅಕ್ಕ ಹೆಣ್ಣು ಒಪ್ಪಿಸುವ ಹಾಡನ್ನು ನಾಲ್ಕನೆಯ ಸಲ ಮುಗಿಸಿದ್ದಳು. ನಾನು ಕೇಳಿ ನೋಡಿ, “ಪುನಃ ಬಂದಿದೆ. ಇನ್ನೊಮ್ಮೆ ಹಾಡು,” ಎಂದೆ, ತಪ್ಪು ಅವಳದೇ ಎಂಬ ಹಾಗೆ. ಅವಳು ಕುತ್ತಿಗೆಯ ಗಂಟಿನ ಮೇಲೆ ಕೈಯಿಟ್ಟುಕೊಂಡಳು. “ಸಾಕು ಮಾರಾಯ. ಇನ್ನು ನನ್ನಿಂದ ಆಗುದಿಲ್ಲ,” ಎಂದಳು. ಅವಳ ಸ್ವರ ನಡುಗಿತು. ಉಳಿದಿರುವ ಸ್ವರವನ್ನು ನಾನೇ ಕೊಡಪಾನದಲ್ಲಿ ಮೊಗೆದು ಹೊಂಡಕ್ಕೆ ಹೊಯ್ಯುತ್ತಿದ್ದೇನೆ ಎಂದು ಆಗ ಹೊಳೆಯಿತು. ನಾಚಿಕೆಯಿಂದ ಅವಳ ಮುಖ ನೋಡಲಾಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಪೆನ್‌ಡ್ರೈವಿಗೆ ಹಾಕಿ ಕೊಟ್ಟೆ. “ಸ್ವಲ್ಪ ತಾಂತ್ರಿಕ ದೋಷ ಉಂಟು,” ಎಂದೆ. ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಆಪರೇಷನ್ ಸುಸೂತ್ರವಾಯಿತು. ಆದರೆ ಸ್ವರ ಬರಲಿಲ್ಲ. ಪಿಸುಮಾತು ಮಾತ್ರ, ಅದೂ ಹೆಚ್ಚು ಬೇಡ, ಕಾದು ನೋಡುವ ಎಂದರು ಡಾಕ್ಟರು. ಅಕ್ಕ ಒಂದು ಸ್ಲೇಟು ಇಟ್ಟುಕೊಂಡಳು. ಮಕ್ಕಳ ಶನಿವಾರದ ಪಾಠ ನಿಲ್ಲಿಸಲಿಲ್ಲ. ಪೆನ್‌ಡ್ರೈವ್ ಹಾಕಿ ಕೇಳಿಸುವುದು, ಮಕ್ಕಳು ಹೇಳುವುದು, ಇವಳು ಕೈಯಲ್ಲಿ ತಾಳ ಹಾಕುವುದು. ನಾನು ಎರಡು ತಿಂಗಳು ಆ ಕಡೆ ಶನಿವಾರ ಹೋಗಲಿಲ್ಲ. ಹೋದರೆ ಆ ಸದ್ದು ಕೇಳಬೇಕಲ್ಲ.

ಮೊನ್ನೆ ಸುಮತಿ ಎಳೆದುಕೊಂಡೇ ಹೋದಳು. ಹನ್ನೊಂದು ಮಕ್ಕಳು ಚಾಪೆಯಲ್ಲಿ ಕೂತಿದ್ದರು. ಅಕ್ಕ ಬೆರಳೆತ್ತಿದಳು. ಮಕ್ಕಳು, ಪೆನ್‌ಡ್ರೈವ್ ಇಲ್ಲದೆಯೇ, ಹಸೆಗೆ ಕರೆಯುವ ಹಾಡನ್ನು ಎತ್ತಿಕೊಂಡರು. ಅಮ್ಮನ ಎಳೆತ, ಅಕ್ಕನ ನಿಲುಗಡೆ, ಎಲ್ಲ ಇತ್ತು. ನನ್ನ ಕಣ್ಣು ತುಂಬಿ ಬಂತು. ಮೊದಲ ಸಾಲು ಮುಗಿಯಿತು. ಹನ್ನೊಂದೂ ಮಕ್ಕಳು ಗಲ್ಲ ತಗ್ಗಿಸಿ, ಗಂಭೀರವಾಗಿ, ಒಟ್ಟಿಗೆ “ಹ್ಞೂಂ” ಎಂದರು. ಎರಡನೆಯ ಸಾಲು. “ಹ್ಞೂಂ.”

“ಅದೆಂತ ನಡುವಿನಲ್ಲಿ?” ಎಂದು ಎದುರಿದ್ದ ಹುಡುಗಿಯನ್ನು ಕೇಳಿದೆ.

“ಹಾಡಿನಲ್ಲಿಯೇ ಉಂಟಲ್ಲಾ ಸರ್,” ಎಂದಳು ಅವಳು. “ಅದನ್ನು ತಾಳಕ್ಕೆ ಸರಿಯಾಗಿ ಹೇಳ್ಲಿಕ್ಕೆ ಭಾರೀ ಕಷ್ಟ.”

ಮೈಕಿನ ಪಕ್ಕದ ಕುರ್ಚಿ, ನನ್ನ ಕಿವಿಯ ಮೇಲಿನ ಹೆಡ್‌ಫೋನು, ಅಂಗಳದ ಹಪ್ಪಳ, ಎಲ್ಲ ಒಂದೇ ಸಲ ನೆನಪಾದವು. ಸುಮತಿ ಮೆಲ್ಲಗೆ, “ನಾನು ಹೇಳಿದೆನಲ್ಲಾ, ದಿನಾ ಕೇಳುವ ಶಬ್ದ ಅಂತ. ನಾನು ಎಂತ ಹೇಳಿದರೂ ನೀವು ಹೇಳುದು ಅದೊಂದೇ,” ಎಂದಳು. ಆಮೇಲೆ, “ಇನ್ನು ಆ ಹೊಂಡಕ್ಕೆ ನೀರು ಹೊಯ್ಯುದು ನಿಲ್ಲಿಸಬಹುದಾ?” ಎಂದೂ ಕೇಳಿದಳು.

“ನಿನಗೆ ಮೊದಲೇ ಗೊತ್ತಿತ್ತಾ?” ಎಂದು ಅಕ್ಕನನ್ನು ಕೇಳಿದೆ. ಅವಳು ಭುಜ ಕುಣಿಸಿ ಸದ್ದಿಲ್ಲದೆ ನಗುತ್ತಿದ್ದಳು. ಸ್ಲೇಟಿನಲ್ಲಿ ಬರೆದಳು: ‘ನೀನು ಪಕ್ಕದಲ್ಲೇ ಕೂತು ಹ್ಞೂಂ ಹೇಳಿದರೆ ಗೊತ್ತಾಗುದಿಲ್ವಾ? ನಾನು ಹಾಡುವಾಗ ಅದು ಬೇಕಿತ್ತು.’

ಕಂಪ್ಯೂಟರಿನಲ್ಲಿ ಅದನ್ನೆಲ್ಲ ಕತ್ತರಿಸಿ ತೆಗೆಯುವ ಉಪಾಯ ಇದೆ, ನಾನು ಕಲಿತು ಮಾಡಿಕೊಡುತ್ತೇನೆ ಎಂದೆ. ಅವಳು ಬೇಡವೆಂದು ತಲೆಯಲ್ಲಾಡಿಸಿದಳು. ಸ್ಲೇಟನ್ನು ಕೆಳಗಿಟ್ಟಳು. ಕಣ್ಣು ಮುಚ್ಚಿ, ಉಸಿರು ಎಳೆದುಕೊಂಡು, ತಾನೇ ಮೊದಲ ಸಾಲು ಎತ್ತಿದಳು. ಸ್ವರ ಒಡೆದಿತ್ತು, ಗಾಳಿಯೇ ಹೆಚ್ಚು, ಆದರೆ ಎರಡು ಕಡೆ ಪಕ್ಕನೆ ಅಕ್ಕನದೇ ಸ್ವರ ಬಂದು ಹೋಯಿತು. ಮಕ್ಕಳು ಬಾಯಿ ತೆರೆದು ನೋಡುತ್ತಿದ್ದರು. ನಾನು ಈ ಸಲವಾದರೂ ಹಾಳು ಮಾಡಬಾರದೆಂದು ತುಟಿ ಬಿಗಿಹಿಡಿದು, ಉಸಿರೂ ಕಟ್ಟಿ ಕೂತೆ. ಸಾಲು ಮುಗಿಯಿತು. ಅಕ್ಕ ನಿಂತಳು. ಮುಂದೆ ಹೋಗಲಿಲ್ಲ. ಕಣ್ಣು ತೆರೆದು, ಹಪ್ಪಳದ ಪಕ್ಕ ನಿದ್ದೆ ಹೋದವನನ್ನು ನೋಡುವ ಹಾಗೆ ನನ್ನನ್ನೇ ನೋಡಿದಳು.

“ಹ್ಞೂಂ,” ಎಂದೆ. ಅವಳು ಎರಡನೆಯ ಸಾಲು ಹಿಡಿದಳು.